ಶರಣವ್ವನ ಡೇಲಿಯಾ ಮತ್ತು ಕಣ್ಣಿಲ್ಲದ ಗಡ್ಡೆಗಳು

ಜನವರಿ ೧೨, ಭಾನುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಹೊರಗೆ ಥಂಡಿ ಜೋರಾಗಿದೆ. ಕೈಗೆ ಬಿಳಿ ಮುಲಾಮು ಹಚ್ಚಿಕೊಂಡಿರುವುದರಿಂದ ಪೆನ್ನು ಜಾರುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ.

ನನಗೀಗ ಮೂವತ್ತೊಂದು ವರ್ಷ. ಈ ವಯಸ್ಸಿನಲ್ಲಿ ನಿವೃತ್ತಿ ಎಂದರೆ ಮನೆಯಲ್ಲಿ ನಗುತ್ತಾರೆ. ಆದರೆ ಒಂಬತ್ತು ವರ್ಷ ಮಾಡಿದ ಕೆಲಸವನ್ನು ಇನ್ನು ಮಾಡಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಬೇರೆ ಯಾವ ಪದವಿದೆಯೋ ನನಗೆ ಗೊತ್ತಿಲ್ಲ. ಇಂಡಿ ಊರ ಹೊರಗಿನ ಒಂದು ಸಸಿ ನರ್ಸರಿಯಲ್ಲಿ ನಾನು ಕೆಲಸ ಮಾಡುತ್ತಿದ್ದೆ. ನನ್ನ ಜಾಗಕ್ಕೆ ಈಗ ಆಲಮೇಲದ ಇಬ್ಬರು ಹುಡುಗಿಯರು ಬಂದಿದ್ದಾರೆ, ಇಬ್ಬರೂ ಡಿಗ್ರಿ ಮುಗಿಸಿದವರು. ಹೋದ ವಾರ ಅವರು ನಾನೀಗ ಟೈಪಿಂಗ್ ಮಾಡುವ ಜೆರಾಕ್ಸ್ ಅಂಗಡಿಗೆ ಹುಡುಕಿಕೊಂಡು ಬಂದು ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಗಿರಾಕಿ ನಿಂತಿದ್ದರು, ಉತ್ತರ ಕೊಡಲಾಗಲಿಲ್ಲ. ಆ ಉತ್ತರವೇ ಈ ಬರಹ. ದಿನಚರಿ ಬರೆಯುವ ರೂಢಿ ನನಗೆ ಹೈಸ್ಕೂಲಿನಿಂದಲೂ ಇದೆ. ಹಾಗಾಗಿ ತಾರೀಖುಗಳಿಗೆ ನೆನಪನ್ನೇ ನಂಬಿಕೊಳ್ಳಬೇಕಿಲ್ಲ.

ಮೊದಲು ಕೆಲಸದ ವಿಷಯ. ನರ್ಸರಿ ಎಂದರೆ ಹೂವಿನ ನಡುವೆ ಓಡಾಡುವುದು ಎಂದುಕೊಂಡು ಬಂದವರು ಮೊದಲ ತಿಂಗಳಲ್ಲೇ ಬಿಟ್ಟು ಹೋಗುತ್ತಾರೆ. ಅಲ್ಲಿ ಮುಕ್ಕಾಲು ಪಾಲು ಕೆಲಸ ಚೀಲಕ್ಕೆ ಮಣ್ಣು ತುಂಬುವುದು. ಉಳಿದ ಕಾಲು ಪಾಲು ನೀರು, ಕಳೆ ಮತ್ತು ಗಿರಾಕಿಯ ಜೊತೆ ಮಾತು. ನಮ್ಮದು ಮುಖ್ಯವಾಗಿ ಲಿಂಬೆ ಸಸಿಯ ನರ್ಸರಿ, ಹೂವು ಎರಡನೆಯ ವ್ಯಾಪಾರ. ವಾರದಲ್ಲಿ ಮೂರು ದಿನ ನಮ್ಮ ಟೆಂಪೊ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಸಂತೆಗಳಿಗೆ ಹೋಗುತ್ತಿತ್ತು. ಅದರ ಹಿಂಭಾಗದಲ್ಲಿ ಸಸಿಗಳ ನಡುವೆ ಕಸ್ತೂರವ್ವ ಮತ್ತು ನಾನು ಕೂರುತ್ತಿದ್ದೆವು. ಕಸ್ತೂರವ್ವ ಕಸಿ ಕಟ್ಟುವವಳು. ಅವಳ ಚಾಕು ಚೂಪು, ನಾಲಿಗೆ ಇನ್ನೂ ಚೂಪು.

ಮಾಲೀಕರು ಬಸಲಿಂಗಪ್ಪ ಕಾಕಾ. ಅವರ ಹತ್ತಿರ ಒಂದೇ ಒಂದು ಕಟ್ಟುನಿಟ್ಟು ನಿಯಮವಿತ್ತು. ಯಾವ ಗಿಡಕ್ಕೂ ಮನೆ ಹೆಸರಿಲ್ಲದೆ ಚೀಟಿ ಕಟ್ಟುವಂತಿರಲಿಲ್ಲ. ತಾಯಿಗಿಡ ಯಾರ ಮನೆಯ ಹಿತ್ತಿಲಿನದೋ ಅವರ ಹೆಸರೇ ಆ ಸಸಿಯ ಹೆಸರು. ಒಂದು ಮಲ್ಲಿಗೆಗೆ ದೇಸಾಯರ ವಾಡೇದ ಮಲ್ಲಿಗೆ ಎಂದು ಹೆಸರು, ಒಂದು ಲಿಂಬೆಗೆ ಗಿಡ್ಡಪ್ಪನ ಲಿಂಬೆ, ಒಂದು ದಾಸವಾಳಕ್ಕೆ ಪೋಸ್ಟ್ ಮಾಸ್ತರರ ದಾಸವಾಳ. ಪೋಸ್ಟ್ ಮಾಸ್ತರರು ವರ್ಗವಾಗಿ ಎಷ್ಟೋ ವರ್ಷ ಆಗಿತ್ತು. ಅವರು ಬಾಡಿಗೆಗಿದ್ದ ಮನೆಯ ಗಿಡ ಅವರ ಹೆಸರು ಹೊತ್ತು ನಾಲ್ಕು ತಾಲ್ಲೂಕು ಸುತ್ತಿತು. ಮೊದಮೊದಲು ಇದು ನನಗೆ ತಮಾಷೆಯಾಗಿ ಕಂಡಿತ್ತು.

ಅದರ ಉಪಯೋಗ ತಿಳಿದದ್ದು ನಾನು ಸೇರಿದ ಎರಡನೆಯ ವರ್ಷ. ಆಲಮೇಲದ ಕಡೆಯ ಒಬ್ಬ ರೈತರು ಸಿಟ್ಟಿನಿಂದ ಬಂದು, ಲಿಂಬೆ ಗಿಡ ಆಳೆತ್ತರ ಬೆಳೆದಿವೆ, ಒಂದೂ ಕಾಯಿ ಬಿಟ್ಟಿಲ್ಲ, ನೀವು ಕೊಟ್ಟದ್ದು ಖೊಟ್ಟಿ ಸಸಿ ಎಂದು ಕೂಗಾಡಿದರು. ಕಾಕಾ ಬೇರೆ ಏನೂ ಕೇಳಲಿಲ್ಲ, ಯಾರ ಮನೆಯದು ಎಂದಷ್ಟೇ ಕೇಳಿದರು. ಗಿಡ್ಡಪ್ಪನದು ಎಂದರು ರೈತರು. ಕಾಕಾ ಅವರನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಗಿಡ್ಡಪ್ಪನ ತೋಟಕ್ಕೇ ಹೋದರು. ತಾಯಿಗಿಡದಲ್ಲಿ ಕಾಯಿ ಜೋತಾಡುತ್ತಿದ್ದವು. ಅಲ್ಲೇ ನಿಂತು ಮಾತಾಡಿದಾಗ ಗೊತ್ತಾಯಿತು, ಈ ರೈತರು ಪಕ್ಕದ ಕಬ್ಬಿನ ಜೊತೆಗೇ ಲಿಂಬೆಗೂ ವರ್ಷವಿಡೀ ನೀರು ಬಿಡುತ್ತಿದ್ದರು. ಕೆಲವು ವಾರ ನೀರು ನಿಲ್ಲಿಸಿ ಗಿಡವನ್ನು ಬಾಡಿಸದೆ ಲಿಂಬೆ ಹೂ ಹಿಡಿಯುವುದಿಲ್ಲ. ಮುಂದಿನ ವರ್ಷ ಅವರು ಕಾಯಿ ತಂದು ತೋರಿಸಿ ಹೋದರು. ಹೆಸರಿದ್ದರೆ ಹಿಂದಕ್ಕೆ ನಡೆದು ಹೋಗಲು ದಾರಿ ಇರುತ್ತದೆ ಎಂದು ಅಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ.

ನಾನಿದ್ದ ಒಂಬತ್ತು ವರ್ಷಗಳಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ಕೆಂಪು ಮಣ್ಣು, ಗೊಬ್ಬರ, ಉಸುಕು ಕಲಸುತ್ತಿದ್ದವರು ತೆಂಗಿನ ನಾರಿನ ಪುಡಿಗೆ ಬಂದೆವು. ಮಣ್ಣಿನ ಕುಂಡ ಹೋಗಿ ಕಪ್ಪು ಪ್ಲಾಸ್ಟಿಕ್ ಬಂತು. ದೊಡ್ಡ ಬದಲಾವಣೆ ತಂದದ್ದು ಫೋನು. ಗಿರಾಕಿ ಗಿಡದ ಹೆಸರು ಹೇಳುವುದನ್ನು ಬಿಟ್ಟು ಫೋಟೊ ತೋರಿಸತೊಡಗಿದರು. ಹೀಗೆ ಒಂದು ನವೆಂಬರಿನಲ್ಲಿ ಸಿಂದಗಿಯ ಸಂತೆಯಲ್ಲಿ ನಾಲ್ಕಾರು ಜನ ಒಂದೇ ಹೂವಿನ ಫೋಟೊ ತೋರಿಸಿದರು. ಊಟದ ತಟ್ಟೆಯಷ್ಟು ದೊಡ್ಡದು, ಎಸಳುಗಳು ಜೇನುಗೂಡಿನ ಹಾಗೆ ಒಂದರ ಪಕ್ಕ ಒಂದು. ಅದು ಡೇಲಿಯಾ.

ಕಾಕಾಗೆ ಮನಸ್ಸಿರಲಿಲ್ಲ. ಆದರೂ ಪುಣೆಯ ಕಡೆಯಿಂದ ಹೂ ಬಿಟ್ಟ ಅರವತ್ತು ಕುಂಡ ತರಿಸಿದರು. ಎರಡು ಸಂತೆಯಲ್ಲಿ ಖಾಲಿ. ಏಪ್ರಿಲ್ ಬಂತು, ಬಿಸಿಲಿಗೆ ಗಿಡಗಳೆಲ್ಲ ಒಣಗಿದವು, ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕುಂಡ ಹಿಡಿದುಕೊಂಡು ವಾಪಸು ಬಂದರು. ಟೆಂಪೊ ಸುತ್ತ ಸಾಲಾಗಿ ಇಟ್ಟ ಕುಂಡಗಳನ್ನು ನೋಡಿ ಕಸ್ತೂರವ್ವ ಅಂದಳು:

“ಎಲ್ಲಾ ಬಾಣಂತನಕ್ಕ ತವರಮನಿಗೆ ಬಂದಂಗ ಬಂದಾವ ನೋಡವಾ. ಇನ್ನ ಎಣ್ಣಿ ಹಚ್ಚಿ ಎರಿ.”

ಸತ್ತ ಗಿಡ ಎಂದು ಒಂದು ಕುಂಡವನ್ನು ಬೋರಲು ಹಾಕಿದೆ. ಮಣ್ಣಿನೊಳಗಿಂದ ಗೆಣಸಿನಂಥ ಏಳೆಂಟು ಗಡ್ಡೆಗಳು ಒಂದೇ ಗೊಂಚಲಾಗಿ ಬಂದವು. ಮುಟ್ಟಿದರೆ ಗಟ್ಟಿ, ಉಗುರಿನಿಂದ ಗೀರಿದರೆ ಒಳಗೆ ರಸ. ಸತ್ತದ್ದು ಮೇಲಿನ ಭಾಗ ಮಾತ್ರ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ಈ ಗಿಡ ನನ್ನ ತಲೆಯೊಳಗೆ ಹೊಕ್ಕಿತು.

ಗಡ್ಡೆಗಳನ್ನು ಉಳಿಸಿ ಸೆಪ್ಟೆಂಬರಿನಲ್ಲಿ ನೆಟ್ಟಾಗ ಕೆಲವು ಚಿಗುರಿದವು. ಚೀಟಿ ಕಟ್ಟುವ ದಿನ ಕಾಕಾ ಯಥಾಪ್ರಕಾರ ಯಾರ ಮನೆಯದು ಎಂದು ಕೇಳಿದರು. ಪುಣೆಯದು ಎಂದೆ.

“ಪುಣೆ ಊರಾತು. ಮನಿ ಯಾವ್ದು?”

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಎರಡು ವಾರ ಓದಿದೆ. ಕಂಡದ್ದನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಗಿಡದ ತವರು ಮೆಕ್ಸಿಕೊ ದೇಶದ ಗುಡ್ಡಗಾಡು. ಅಲ್ಲಿಂದ ಬೀಜ ಸ್ಪೇನಿನ ರಾಜಧಾನಿಯ ಒಂದು ತೋಟಕ್ಕೆ ಹೋಯಿತು. ಅಲ್ಲಿನ ಸಸ್ಯಶಾಸ್ತ್ರಜ್ಞರು ಅದಕ್ಕೆ ಹೆಸರಿಡುವಾಗ, ಸ್ವೀಡನ್ ದೇಶದ ಇನ್ನೊಬ್ಬ ಸಸ್ಯಶಾಸ್ತ್ರಜ್ಞನ ನೆನಪಿಗಾಗಿ ಅವನ ಮನೆತನದ ಹೆಸರನ್ನೇ ಇಟ್ಟರು. ಆ ಮನೆತನದ ಹೆಸರಿಗೆ ಅವರ ಭಾಷೆಯಲ್ಲಿ ಕಣಿವೆ ಎಂಬ ಅರ್ಥವಂತೆ. ಹೆಸರಿಡುವ ಹೊತ್ತಿಗೆ ಆತ ತೀರಿಕೊಂಡಿದ್ದ. ಆತ ಈ ಹೂವನ್ನು ಕಣ್ಣಾರೆ ನೋಡಿದ್ದನೆನ್ನಲು ನನಗೆ ಎಲ್ಲಿಯೂ ಆಧಾರ ಸಿಗಲಿಲ್ಲ. ಅದಕ್ಕೂ ಮೊದಲು ಮೆಕ್ಸಿಕೊದ ಜನ ಅದರ ಒಂದು ಎತ್ತರದ ಜಾತಿಯನ್ನು ನೀರಿನ ಕೊಳವೆ ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಿದ್ದರು. ಅದರ ದಂಟು ಒಳಗೆ ಪೊಳ್ಳು. ಗಡ್ಡೆಯನ್ನು ಅವರು ತಿನ್ನುತ್ತಲೂ ಇದ್ದರಂತೆ. ಹೂವಿಗೆ ಭಾವ ಹಚ್ಚಿ ಅರ್ಥ ಹೇಳುವ ಪುಸ್ತಕಗಳಲ್ಲಂತೂ ಒಂದರಲ್ಲಿ ಘನತೆ ಎಂದಿದ್ದರೆ ಇನ್ನೊಂದರಲ್ಲಿ ಚಂಚಲತೆ ಎಂದಿದೆ. ನಮ್ಮ ಮಲೆನಾಡಿನವರಿಗೆ ಅದು ಡೇರೆ ಹೂವು.

ಇಷ್ಟನ್ನೂ ಕಾಕಾಗೆ ಓದಿ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದರು.

“ಅಂವ ಬೆಳಿಸಿದ್ನೇನು?”

“ಇಲ್ರಿ.”

“ಯಾರಿಗರ ಕೊಟ್ಟಿದ್ನೇನು?”

“ಇಲ್ರಿ. ನೋಡಿದ್ನೋ ಇಲ್ಲೋ ಗೊತ್ತಿಲ್ಲ.”

“ಮತ್ತ ಅವನ ಮನಿ ಹೆಸರು ಇದಕ್ಕ ಹೆಂಗ ಬಂತು? ಆ ನೀರಿನ ಕೊಳವಿ ಅಂದವ್ರು ಗಿಡ ಮುರದು ನೋಡಿ ಅಂದಾರ. ಅವ್ರು ಖರೇ ಮಂದಿ.”

ಸತ್ತವರಿಗೆ ಗೌರವ ತೋರಿಸಲು ಹಾಗೆ ಹೆಸರಿಡುವುದು ಅವರಲ್ಲಿ ವಾಡಿಕೆ ಎಂದೆ. ಗೌರವ ಸರಿ, ದಾರಿ ತಪ್ಪುತ್ತದಲ್ಲ ಎಂದು ಕಾಕಾ ಎದ್ದು ಹೋದರು. ಕೊನೆಗೆ ನಮ್ಮ ಚೀಟಿಯ ಮೇಲೆ ‘ಪುಣೆ ಡೇಲಿಯಾ’ ಎಂದು ಬಿತ್ತು. ಮನೆ ಹೆಸರಿಲ್ಲದೆ ನಮ್ಮ ನರ್ಸರಿಯಿಂದ ಹೊರಬಿದ್ದ ಗಿಡ ಅದೊಂದೇ.

ಈಗ ಈ ಬರಹಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ.

ಹೋದ ಅಕ್ಟೋಬರ್ ೭, ಸೋಮವಾರ. ಮಧ್ಯಾಹ್ನದ ಬುತ್ತಿ ಬಿಚ್ಚಿದ್ದೆವು. ಅರವತ್ತೈದು ದಾಟಿದ ಒಬ್ಬರು, ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಕೆಂಪು ಬಲೆಯ ಈರುಳ್ಳಿ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯ ಈರಪ್ಪ. ಹಿಂದೆ ನಮ್ಮಲ್ಲಿ ಲಿಂಬೆ ಸಸಿ ಒಯ್ದವರು, ಕಾಕಾಗೆ ಪರಿಚಯ. ಮೂರು ಬಸ್ಸು ಬದಲಿಸಿ ಬಂದಿದ್ದರು. ನೀರು ಕುಡಿದು, ಚೀಲವನ್ನು ಬಿಚ್ಚಿ ಕಟ್ಟೆಯ ಮೇಲೆ ಮೆಲ್ಲಗೆ ಹರವಿದರು.

ಡೇಲಿಯಾ ಗಡ್ಡೆಗಳು. ಹದಿನಾಲ್ಕು ಇದ್ದವು. ಅಷ್ಟು ಸ್ವಚ್ಛವಾದ ಗಡ್ಡೆಗಳನ್ನು ನಾನು ಎಂದೂ ನೋಡಿರಲಿಲ್ಲ. ಒಂದಕ್ಕೂ ಮಣ್ಣಿಲ್ಲ, ಬೇರಿನ ಕೂದಲಿಲ್ಲ. ಎರಡೂ ತುದಿ ನೀಟಾಗಿ ಕೊಯ್ದು, ಕೊಯ್ದ ಜಾಗಕ್ಕೆ ಬೂದಿ ಹಚ್ಚಿ ಒಣಗಿಸಲಾಗಿತ್ತು.

ಈರಪ್ಪ ಹೇಳಿದ್ದು ಇಷ್ಟು. ಹೆಂಡತಿ ಶರಣವ್ವ ಶಿವರಾತ್ರಿಯ ಹಿಂದುಮುಂದೆ ತೀರಿಕೊಂಡಳು. ಅವಳ ಹತ್ತಿರ ಒಂದು ಹೂವಿನ ಗಿಡವಿತ್ತು. ಬಹಳ ವರ್ಷದ ಹಿಂದೆ ಮುದ್ದೇಬಿಹಾಳದ ಶಾಲೆಯಲ್ಲಿ ಕಲಿಸುತ್ತಿದ್ದ ಒಬ್ಬ ಅಕ್ಕೋರು, ಶಿವಮೊಗ್ಗದ ಕಡೆಯವರು, ವರ್ಗವಾಗಿ ಹೋಗುವಾಗ ಅವಳಿಗೆ ಕೊಟ್ಟು ಹೋದದ್ದು. ಚಳಿಗಾಲದಲ್ಲಿ ಹೂ ಬಿಡುತ್ತಿತ್ತು. ಬೇಸಿಗೆಯಲ್ಲಿ ಶರಣವ್ವ ಅದನ್ನು ಕಿತ್ತು, ನೀರಿನ ಕೊಡ ಇಡುವ ಕಟ್ಟೆಯ ಕೆಳಗೆ, ಉಸುಕು ತುಂಬಿದ ಒಡಕು ಗಡಿಗೆಯಲ್ಲಿ ಇಡುತ್ತಿದ್ದಳು. ಗಡಿಗೆಯನ್ನು ಈರಪ್ಪ ನೋಡುತ್ತಿದ್ದರು, ಒಳಗೆ ಹೇಗೆ ಇಟ್ಟಿರುತ್ತಾಳೆ ಎಂದು ಎಂದೂ ಬಗ್ಗಿ ನೋಡಿರಲಿಲ್ಲ. ಅವಳು ಹೋದ ಮೇಲೆ ಏಪ್ರಿಲಿನಲ್ಲಿ ಗಿಡ ಒಣಗಿತು. ಕಿತ್ತರು. ಉಸುಕಿನಲ್ಲಿಟ್ಟರೆ ಕೊಳೆತಾವು ಎಂದು ಹೆದರಿ, ತಮಗೆ ಗೊತ್ತಿದ್ದ ಹಾಗೆ ಮಾಡಿದರು. ನಲವತ್ತು ವರ್ಷ ಈರುಳ್ಳಿ ಬೆಳೆದ ಮನುಷ್ಯ. ಜುಟ್ಟು ಕೊಯ್ದು, ಬಾಲ ಕೊಯ್ದು, ನೆರಳಲ್ಲಿ ಆರಿಸಿ, ಬಲೆಯ ಚೀಲದಲ್ಲಿ ಗಾಳಿಗೆ ತೂಗು ಹಾಕಿದರು. ವಾರಕ್ಕೊಮ್ಮೆ ಇಳಿಸಿ ಕೈಯಾಡಿಸಿದರು. ಒಂದೂ ಕೊಳೆಯಲಿಲ್ಲ. ಸೆಪ್ಟೆಂಬರಿನಲ್ಲಿ ನೆಟ್ಟರು. ತಿಂಗಳಾದರೂ ಏಳಲಿಲ್ಲ. ಅಗೆದು ನೋಡಿದರೆ ಇಟ್ಟಂತೆಯೇ ಇವೆ. ತೊಳೆದು, ಮತ್ತೆ ಬೂದಿ ಹಚ್ಚಿ ಒಣಗಿಸಿ ತಂದಿದ್ದರು.

“ನೋಡ್ರಿ ತಂಗಿ, ಕಲ್ಲಿನಂಗ ಅದಾವ. ಜೀವ ಐತಿ. ಏಳಾಕ ಏನು ಬೇಕಾಗೇತಿ ಇವಕ್ಕ?”

ನಾನು ಕಾಕಾರ ಮುಖ ನೋಡಿದೆ. ಅವರು ಗಡ್ಡೆಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಹೊಸಬರಿಗೆ ಇಲ್ಲಿ ಒಂದು ವಿಷಯ ತಿಳಿಸಬೇಕು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಎಲ್ಲಿ ಕೊಯ್ದರೂ ಮೊಳಕೆ ಬರುತ್ತದೆ. ಡೇಲಿಯಾ ಗಡ್ಡೆಗೆ ಮೈಮೇಲೆ ಒಂದೂ ಕಣ್ಣಿಲ್ಲ. ಕಣ್ಣುಗಳಿರುವುದು ಗಡ್ಡೆಯ ಕುತ್ತಿಗೆ ಹಳೆಯ ದಂಟಿನ ಬುಡಕ್ಕೆ ಸೇರುವ ಜಾಗದಲ್ಲಿ, ಬೆರಳಗಲದ ಪಟ್ಟಿಯಲ್ಲಿ. ಆ ಪಟ್ಟಿ ಬಿಟ್ಟು ಕೊಯ್ದ ಗಡ್ಡೆ ತಿಂಗಳುಗಟ್ಟಲೆ ಗಟ್ಟಿಯಾಗಿ ಇರಬಹುದು, ಬೇರು ಕೂಡ ಬಿಡಬಹುದು. ಚಿಗುರಲಾರದು. ಈರಪ್ಪ ಅತಿ ಜೋಪಾನದಿಂದ ಆ ಪಟ್ಟಿಯನ್ನೇ ಹದಿನಾಲ್ಕಕ್ಕೂ ಕೊಯ್ದಿದ್ದರು.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅವರು ಗಡ್ಡೆಗಳನ್ನೇ ನೋಡುತ್ತ ಕೇಳಿಸಿಕೊಂಡರು. ಕೊಯ್ದ ಬುಡ ಎಲ್ಲಿ ಎಂದು ಕೇಳಿದೆ. ತಿಪ್ಪೆಗೆ ಹಾಕಿದ್ದೆ ಎಂದರು. ತಿಪ್ಪೆ ಗೊಬ್ಬರ ಮೇ ತಿಂಗಳಲ್ಲೇ ಹೊಲಕ್ಕೆ ಹೋಯಿತು ಎಂದೂ ಅವರೇ ಹೇಳಿದರು.

ಊಟ ಮಾಡಿರೆಂದರೆ ಒಲ್ಲೆ ಎಂದರು. ಕಸ್ತೂರವ್ವ ಯಾರನ್ನೂ ಬಿಡುವವಳಲ್ಲ. ರೊಟ್ಟಿ ಮುರಿದು ಅವರ ಕೈಗೇ ಕೊಟ್ಟು, “ತಿನ್ರಿ ಯಜಮಾನ್ರ. ಉಳ್ಳಾಗಡ್ಡಿಯವ್ರ ಕೈಗೆ ಕೊಟ್ರ ಉಳ್ಳಾಗಡ್ಡೀನ ಮಾಡ್ತಾರ. ನಾ ಮೊದಲನೇ ವರ್ಷ ಗುಲಾಬಿ ಕಸೀನ ತಲಿಕೆಳಗ ಕಟ್ಟಿದಾಕಿ ಅದೇನಿ” ಎಂದಳು. ಅವರು ಅರ್ಧ ರೊಟ್ಟಿ ತಿಂದರು.

ಹೂವಿನ ಬಣ್ಣ ಕೇಳಿದೆ. ಹಳದಿ ಎಂದರು. ಹಳದಿ ಡೇಲಿಯಾ ನಮ್ಮಲ್ಲೂ ಇದೆ ಎಂದೆ. ಅವರು ತಲೆ ಅಲ್ಲಾಡಿಸಿದರು.

“ಮುಂದ ಹಳದೀನ. ಎಸಳು ಹೊಳ್ಳಿಸಿ ನೋಡಿದ್ರ ಬೆನ್ನಿಗೆ ಕುಂಕುಮದ ಗೆರಿ ಎಳದಂಗ ಇರ್ತೈತಿ. ಆಕಿ ಬಂದವ್ರಿಗೆಲ್ಲಾ ಹೊಳ್ಳಿಸೇ ತೋರಸ್ತಿದ್ಲು.”

ನಮ್ಮ ಪುಣೆ ಡೇಲಿಯಾದ ಎಸಳಿಗೆ ಹಿಂದೆ ಮುಂದೆ ಒಂದೇ ಬಣ್ಣ. ಬೆನ್ನಿಗೆ ಕೆಂಪು ಗೆರೆಯಿರುವ ಹಳದಿಯನ್ನು ನಾನು ನೋಡಿರಲಿಲ್ಲ, ಕಾಕಾ ಕೂಡ ನೋಡಿರಲಿಲ್ಲ.

ಗಡ್ಡೆಗಳನ್ನು ಇಟ್ಟುಕೊಂಡೆವು. ಮರುವಾರ ಟೆಂಪೊ ಮುದ್ದೇಬಿಹಾಳಕ್ಕೆ ಹೋದಾಗ ನಾನು ತಂಗಡಗಿಗೆ ಬಸ್ಸು ಹಿಡಿದೆ. ಗೊಬ್ಬರ ಹರಡಿದ ಹೊಲದಲ್ಲಿ ತೊಗರಿ ಸೊಂಟದೆತ್ತರ ನಿಂತಿತ್ತು. ಈರಪ್ಪ ಒಂದು ಸಾಲು, ನಾನು ಒಂದು ಸಾಲು ಹಿಡಿದು ಬದುವಿನವರೆಗೂ ನೋಡಿದೆವು. ಏನೂ ಸಿಗಲಿಲ್ಲ. ನಿಜವಾಗಿ ಹೇಳಿದರೆ ಸಿಗುವ ಆಸೆ ನನಗೆ ಇರಲಿಲ್ಲ. ಅವರು ಕರೆದರು, ಹೋದೆ. ವಾಪಸು ಬರುವಾಗ ಕಾಕಾರ ನಿಯಮ ನೆನಪಾಗಿ, ಶರಣವ್ವ ಯಾರಿಗಾದರೂ ಗಡ್ಡೆ ಕೊಟ್ಟಿದ್ದಳೇ ಎಂದು ಕೇಳಿದೆ. ಅವರು ನಿಂತುಬಿಟ್ಟರು. ಕೇಳಿದವರಿಗೆ ಇಲ್ಲ ಎಂದವಳಲ್ಲ ಎಂದರು. ಆದರೆ ಯಾರಿಗೆ ಕೊಟ್ಟಳೆಂಬುದು ಗೊತ್ತಿಲ್ಲ, ನೆನಪಿರುವುದು ಎರಡೇ ಹೆಸರು.

ಹುಡುಕಾಟ ಅಲ್ಲಿಂದ ಶುರುವಾಯಿತು. ಮೊದಲು ನಿಡಗುಂದಿಯ ಬಂಗಾರೆವ್ವ, ಶರಣವ್ವನ ಗೆಳತಿ. ಡೇಲಿಯಾ ಎಂದರೆ ಆಕೆಗೆ ಗೊತ್ತಾಗಲಿಲ್ಲ, ಫೋಟೊ ತೋರಿಸಿದಾಗ, ಅಯ್ಯ ಇದು ತಂಗಡಗಿ ಹೂವು ಎಂದರು. ಹೂವಿಗೆ ಮನೆ ಹೆಸರು ಇಡುವುದು ನಮ್ಮ ಕಾಕಾ ಒಬ್ಬರೇ ಕಂಡುಹಿಡಿದ ಪದ್ಧತಿಯಲ್ಲ ಎಂದು ಆಗ ತಿಳಿಯಿತು. ಆಕೆಯ ಗಿಡ ಎರಡು ವರ್ಷದ ಹಿಂದೆ, ಕಾಲುವೆಯ ನೀರು ಜಿನುಗಿ ಹಿತ್ತಿಲು ಜವಳಾದಾಗ ಕೊಳೆತು ಹೋಗಿತ್ತು. ಆದರೆ ಅದಕ್ಕೂ ಮೊದಲೇ ಮಗಳಿಗೆ ಒಂದು ತುಂಡು ಕೊಟ್ಟಿದ್ದರು. ಮಗಳ ಮನೆ ಬಸವನ ಬಾಗೇವಾಡಿ.

ಬಾಗೇವಾಡಿಯ ಆ ಮನೆಗೆ ಕಸ್ತೂರವ್ವ ಮತ್ತು ನಾನು ಡಿಸೆಂಬರ್ ಮೊದಲ ವಾರ ಹೋದೆವು. ಅಂಗಳದಲ್ಲಿ ಹಳದಿ ಡೇಲಿಯಾ ಅರಳಿ ನಿಂತಿತ್ತು. ಮಗಳು ಬಂದು, ಇದು ನಮ್ಮ ಅವ್ವನ ಹೂವು ಎಂದಳು. ಎಸಳು ಹೊರಳಿಸಿದೆ. ಹಿಂದೆಯೂ ಹಳದಿ. ಕೆದಕಿ ಕೇಳಿದಾಗ ಮೆಲ್ಲಗೆ ಒಪ್ಪಿಕೊಂಡಳು. ಅವ್ವ ಕೊಟ್ಟದ್ದು ಮೊದಲ ಬೇಸಿಗೆಗೇ ಹೋಗಿತ್ತು, ಅವ್ವ ಬೇಜಾರು ಮಾಡಿಕೊಂಡಾಳೆಂದು ಅದೇ ಬಣ್ಣದ್ದೊಂದು ಸಂತೆಯಲ್ಲಿ ಟೆಂಪೊದವರ ಹತ್ತಿರ ಕೊಂಡು ಅದೇ ಜಾಗದಲ್ಲಿ ನೆಟ್ಟಿದ್ದಳು. ಕಸ್ತೂರವ್ವ ಕುಂಡದ ಅಂಚು ನೋಡಿ ನನ್ನ ಕಡೆ ತಿರುಗಿದಳು.

“ನಮ್ಮ ಟೆಂಪೊದ್ದ ಐತಿ. ಇಲ್ಲಿಮಟ ನಮ್ಮ ಕೂಸಿನ್ನ ನಾವ ಹುಡಿಕ್ಕೋತ ಬಂದ್ವಿ.”

ಮಗಳು, ಅವ್ವನಿಗೆ ಹೇಳಬ್ಯಾಡ್ರಿ ಎಂದಳು. ಈ ಬರಹದಲ್ಲಿ ಅವಳ ಹೆಸರು ಬರೆಯದೆ, ಅವ್ವನ ಹೆಸರನ್ನೂ ಊರನ್ನೂ ಬದಲಿಸಿ ಬರೆದಿರುವುದು ಅದಕ್ಕೇ.

ಎರಡನೆಯ ಹೆಸರು ಶರಣವ್ವನ ತಂಗಿಯ ಮಗಳು, ಆಲಮೇಲಕ್ಕೆ ಮದುವೆಯಾಗಿ ಹೋದ ಮಹಾದೇವಿ. ಈ ಮನೆಯ ಕಥೆ ಬೇರೆಯೇ. ಹಿಂದೊಂದು ವರ್ಷ ಗಿಡ ಬೇಗ ಒಣಗಿತೆಂದು ಮಹಾದೇವಿ ಗೊಂಚಲು ಕಿತ್ತು ತೊಳೆದು ಅಡುಗೆ ಮನೆಯ ಮೂಲೆಯಲ್ಲಿಟ್ಟಿದ್ದಳು. ಮರುದಿನ ಶಿವರಾತ್ರಿ. ಉಪವಾಸಕ್ಕೆಂದು ತಂದ ಗೆಣಸಿನ ಜೊತೆ ಅತ್ತೆ ಅದನ್ನೂ ಕುದಿಸಿಬಿಟ್ಟರು. ಅತ್ತೆ ಅಲ್ಲೇ ಕೂತಿದ್ದರು, ನಾನು ರುಚಿ ಹೇಗಿತ್ತು ಎಂದು ಕೇಳದಿರಲು ಆಗಲಿಲ್ಲ.

“ನೀರ ನೀರ ಇತ್ತವಾ. ಸವತಿಕಾಯಿ ಬೇಸಿದಂಗ. ಬೆಲ್ಲ ಹಚ್ಚಿಕೊಂಡು ತಿಂದ್ವಿ.”

ಮೆಕ್ಸಿಕೊದವರು ತಿನ್ನುತ್ತಿದ್ದರೆಂದು ಓದಿದ್ದೆ, ನಮ್ಮ ಆಲಮೇಲದಲ್ಲೂ ತಿಂದವರು ಸಿಕ್ಕರು. ಅತ್ತೆಗೆ ಈ ವಿಷಯ ಹೇಳಿದಾಗ ಬಹಳ ಸಮಾಧಾನವಾಯಿತು. ಸೊಸೆಯ ಕಡೆ ನೋಡಿ, ಕೇಳಿದ್ಯಾ ಎಂಬಂತೆ ಹುಬ್ಬು ಏರಿಸಿದರು.

ಮಹಾದೇವಿ ನಮ್ಮನ್ನು ಬಾಗಿಲವರೆಗೆ ಕಳಿಸಲು ಬಂದಾಗ ಒಂದು ಮಾತು ಹೇಳಿದಳು. ಕುದಿಸುವ ಮೊದಲು, ಗೊಂಚಲು ಕಿತ್ತ ದಿನವೇ, ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ನರ್ಸ್ ಬಾಯಿಯವರು ಅದನ್ನು ಕಂಡು ಕೇಳಿದ್ದರು. ಮಹಾದೇವಿ ಎರಡು ಗಡ್ಡೆಗಳನ್ನು ದಂಟಿನ ಬುಡ ಸಮೇತ ಮುರಿದು ಕೊಟ್ಟಿದ್ದಳು. ಆಕೆ ಸಿಂದಗಿಯ ಒಂದು ಖಾಸಗಿ ದವಾಖಾನೆಗೆ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಆಮೇಲೆ ಮನೆ ಖಾಲಿ ಮಾಡಿದರು, ಎಲ್ಲಿಗೆಂದು ಗೊತ್ತಿಲ್ಲ. ಬುಡ ಸಮೇತ ಎಂದಿರಲ್ಲ, ನಿಜವೇ ಎಂದು ಎರಡು ಸಲ ಕೇಳಿದೆ. ಕೈಯಿಂದ ಮುರಿದು ತೋರಿಸಿದಳು. ನಿಜ, ಕಣ್ಣು ಆ ತುಂಡಿನಲ್ಲೇ ಹೋಗಿರಬೇಕು.

ಅಷ್ಟು ಹೊತ್ತಿಗೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಹಿಂದಿನ ಚಳಿಗಾಲದಿಂದಲೇ ಬೆರಳ ಸಂದಿಯಲ್ಲಿ ಕಡಿತವಿತ್ತು, ಮಣ್ಣಿನ ಕೆಲಸದವರಿಗೆ ಇದ್ದದ್ದೇ ಎಂದು ಬಿಟ್ಟಿದ್ದೆ. ಡಿಸೆಂಬರಿನಲ್ಲಿ ಚರ್ಮ ಬಿರಿದು ನೀರು ಸೋರತೊಡಗಿತು, ರೆಪ್ಪೆಗಳು ಊದಿಕೊಂಡವು. ವಿಜಯಪುರದಲ್ಲಿ ತೋರಿಸಿದಾಗ ಡಾಕ್ಟರು, ಪಾರ್ಥೇನಿಯಂ ಕಳೆಯಿಂದ ಬಂದ ಅಲರ್ಜಿ ಎಂದರು. ಕಳೆಯನ್ನು ದೂರವಿಟ್ಟರೆ ಸಾಲದು, ಅದೇ ಕುಲದ ಸೇವಂತಿಗೆ, ಸೂರ್ಯಕಾಂತಿ, ಡೇಲಿಯಾ ಯಾವುದನ್ನೂ ಮುಟ್ಟಬಾರದು, ನರ್ಸರಿ ಬಿಡುವುದೇ ಒಳ್ಳೆಯದು. ಹೊಸ ಹುಡುಗಿಯರೇ, ಕಳೆ ಕೀಳುವಾಗ ಕೈಗವಸು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಬೆವರುತ್ತದೆಂದು ತೆಗೆದಿಡಬೇಡಿ. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.

ಡಿಸೆಂಬರ್ ೩೧ ನನ್ನ ಕೊನೆಯ ದಿನ. ಕಸ್ತೂರವ್ವ ಬೆಳಿಗ್ಗೆಯಿಂದ ನನ್ನನ್ನು ಯಾವ ಗಿಡದ ಹತ್ತಿರವೂ ಹೋಗಗೊಡಲಿಲ್ಲ. ಮಧ್ಯಾಹ್ನ ಈರಪ್ಪ ಬಂದರು. ನಾನು ಬಿಡುತ್ತಿರುವ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ತಮ್ಮ ಗಡ್ಡೆಗಳನ್ನು ನೋಡಲು ಬಂದಿದ್ದರು. ಮೂರನ್ನು ನಾವು ಉಸುಕಿನ ಕುಂಡದಲ್ಲಿ ಹೂತಿದ್ದೆವು. ಕಾಕಾ ಒಂದನ್ನು ಎತ್ತಿ ತೋರಿಸಿದರು. ಬಿಳಿ ಬೇರು ಸುತ್ತ ಹಬ್ಬಿತ್ತು. ಮೇಲ್ತುದಿ ಬೂದಿ ಹಚ್ಚಿದಂತೆಯೇ ಇತ್ತು. ನರ್ಸ್ ಬಾಯಿಯ ವಿಷಯವನ್ನೂ ತಿಳಿಸಿದೆವು. ಸಿಂದಗಿಯಲ್ಲಿ ನಾವು ವಿಚಾರಿಸಿದ ದವಾಖಾನೆಗಳಲ್ಲಿ ಯಾರಿಗೂ ಆಕೆಯ ಗುರುತು ಹತ್ತಿರಲಿಲ್ಲ.

ಆಗ ಕಾಕಾ ಒಂದು ಮಾತು ಹೇಳಿದರು. ಅವರು ಅದನ್ನು ಎಷ್ಟು ದಿನದಿಂದ ಯೋಚಿಸಿದ್ದರೋ ಏನೋ. ನಮ್ಮ ಹಳದಿ ಡೇಲಿಯಾಕ್ಕೆ ಹೇಗೂ ಮನೆ ಹೆಸರಿಲ್ಲ. ಈ ವರ್ಷದಿಂದ ಅದಕ್ಕೆ ‘ತಂಗಡಗಿ ಶರಣವ್ವನ ಡೇಲಿಯಾ’ ಎಂದು ಚೀಟಿ ಕಟ್ಟೋಣ. ನಾಲ್ಕು ತಾಲ್ಲೂಕಿಗೂ ಹೋಗುತ್ತದೆ, ಆಕೆಯ ಹೆಸರು ಉಳಿಯುತ್ತದೆ. ತಮ್ಮ ನಿಯಮವನ್ನು ಕಾಕಾ ಯಾರಿಗಾಗಿಯೂ ಬಗ್ಗಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈರಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು.

“ನಿಮ್ಮ ಮನಸ್ಸು ದೊಡ್ಡದೈತ್ರಿ. ಆದ್ರ ಬ್ಯಾಡ್ರಿ. ಆಕಿ ಮುಟ್ಟಲಾರದ ಹೂವಿಗೆ ಆಕಿ ಹೆಸರು ಇಟ್ರ, ಮಂದಿ ಅದನ್ನ ನೋಡಿ ಇದ ಶರಣವ್ವನ ಹೂವು ಅಂತಾರ. ಆಮ್ಯಾಗ ಖರೇದು ಎಲ್ಲೆರ ಇದ್ರೂ ಅದನ್ನ ಯಾರು ಹುಡುಕತಾರ್ರಿ?”

ಕಾಕಾ ಹೂಂ ಎಂದರು. ಈರಪ್ಪ ನನ್ನ ಕಡೆ ತಿರುಗಿ, ಕೈ ವಾಸಿಯಾಗಲಿ ತಂಗಿ, ಬೇವಿನೆಣ್ಣೆ ಹಚ್ಚು ಎಂದು ಹೇಳಿ, ಸಂಜೆಯ ಬಸ್ಸಿಗೆ ಹೋದರು. ಗಡ್ಡೆಗಳನ್ನು ನಮ್ಮಲ್ಲೇ ಬಿಟ್ಟರು.

ಇನ್ನು ನಾನು ಊರೂರು ತಿರುಗಿ ಎಸಳು ಮುಟ್ಟಿ ನೋಡಲಾರೆ. ಹಾಗಾಗಿ ಓದುವವರಲ್ಲಿ ಒಂದು ಕೋರಿಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು, ಅಥವಾ ಇಲ್ಲಿಂದ ಬೇರೆಡೆಗೆ ಹೋಗಿ ನೆಲೆಸಿದವರು, ಯಾರ ಅಂಗಳದಲ್ಲಾದರೂ ಹಳದಿ ಡೇಲಿಯಾ ಇದ್ದರೆ ಈ ತಿಂಗಳಲ್ಲಿ ಅದು ಹೂ ಬಿಟ್ಟಿರುತ್ತದೆ. ಆಲಮೇಲದಲ್ಲಿ ಬಾಡಿಗೆಗಿದ್ದು ಸಿಂದಗಿಗೆ ಕೆಲಸಕ್ಕೆ ಹೋಗುತ್ತಿದ್ದ ನರ್ಸ್ ಬಾಯಿಯವರು ಇದನ್ನು ಓದಿದರೆ ಇನ್ನೂ ಒಳ್ಳೆಯದು. ಗಿಡ ಒಣಗಿದ ಮೇಲೆ ಗೊಂಚಲನ್ನು ಇಡಿಯಾಗಿ ಕೀಳಿ, ಗೇಣುದ್ದ ದಂಟು ಇರಲಿ, ದಯವಿಟ್ಟು ಕೊಯ್ದು ಚೊಕ್ಕ ಮಾಡಬೇಡಿ. ಬುಡ ಸಮೇತ ಒಂದೇ ಒಂದು ಗಡ್ಡೆ ಸಾಕು. ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ, ನಾನು ತಂಗಡಗಿಗೆ ತಲುಪಿಸುತ್ತೇನೆ. ನಿಮ್ಮ ಮನೆಯಲ್ಲಿ ಆ ಹೂವನ್ನು ಯಾವ ಹೆಸರಿನಿಂದ ಕರೆದರೂ ಅಡ್ಡಿಯಿಲ್ಲ. ಒಂದು ಎಸಳನ್ನು ಹೊರಳಿಸಿ, ಬೆನ್ನನ್ನು ನೋಡಿ, ಆಮೇಲೆ ಬರೆಯಿರಿ.